ಸಂದಿನ ಕೆಂಪು

ತೊಡೆಸಂದು, ಕಂಕುಳು, ಎದೆಯ ಕೆಳಭಾಗ, ಹೊಟ್ಟೆಯ ಮಡಿಕೆ, ಕೂಸಿನ ಕತ್ತು. ಚರ್ಮಕ್ಕೆ ಚರ್ಮ ಉಜ್ಜುವ, ಬೆವರು ಆರದ ಜಾಗಗಳಿವು. ಇಲ್ಲೇಳುವ ದದ್ದುಗಳೆಲ್ಲ ಮೇಲ್ನೋಟಕ್ಕೆ ಒಂದೇ ಕೆಂಪು. ಕಾರಣಗಳು ಬೇರೆ ಬೇರೆ ಎಂದು ಬಿಡಿಸಿ ನೋಡಲು ವೈದ್ಯರಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಬ್ರಿಟಿಷರ ಕಾಲದಲ್ಲಿ ತೊಡೆಸಂದಿನ ಹುಳುಕಡ್ಡಿಗೆ ‘ಧೋಬಿ ಇಚ್’ ಎಂಬ ಹೆಸರು ಬಿತ್ತು. ಅಗಸರು ಒಗೆದ ಬಟ್ಟೆಯಿಂದ ಅಂಟುತ್ತದೆಂಬ ನಂಬಿಕೆ. ಶ್ರಮದಿಂದ ಬದುಕುವವರ ತಲೆಗೆ ಕಟ್ಟಿದ ಆ ಹೆಸರು ಬಹುಕಾಲ ಉಳಿದದ್ದು ನನಗೆ ಬೇಸರದ ಸಂಗತಿ. ಆಗ ಹಚ್ಚುತ್ತಿದ್ದ ‘ಗೋವಾ ಪುಡಿ’ ಬರುತ್ತಿದ್ದದ್ದು ಬ್ರೆಜಿಲ್‌ನ ಮರವೊಂದರಿಂದ.

1840ರ ದಶಕದಲ್ಲಿ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ತಲೆಯ ಚರ್ಮರೋಗವೊಂದಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದ ಮೇಲೆ ಎಲ್ಲೆಡೆ ಶಿಲೀಂಧ್ರವೇ ಕಾಣತೊಡಗಿತು. ಸಂದುಗಳಲ್ಲಿ ಕಂದು ಮಚ್ಚೆಯಾಗಿ ಹರಡುವ ಎರಿತ್ರಾಸ್ಮಾವನ್ನೂ ಅದೇ ಲೆಕ್ಕಕ್ಕೆ ಸೇರಿಸಿದರು. ಅದು ಬ್ಯಾಕ್ಟೀರಿಯಾದ ಕೆಲಸವೆಂದು ಗಟ್ಟಿಯಾದದ್ದು 1961ರಲ್ಲಿ. ಕತ್ತಲೆ ಕೋಣೆಯಲ್ಲಿ ವುಡ್ಸ್ ದೀಪದ ನೇರಳಾತೀತ ಬೆಳಕು ಹಾಯಿಸಿದರೆ ಆ ಮಚ್ಚೆ ಹವಳದ ಕೆಂಪಿನಲ್ಲಿ ಹೊಳೆಯುತ್ತದೆ. ಬ್ಯಾಕ್ಟೀರಿಯಾ ಸ್ರವಿಸುವ ಪಾರ್ಫಿರಿನ್ ಕೊಡುವ ಹೊಳಪದು, ನೀರಿನಲ್ಲಿ ಕರಗಿಹೋಗುವಂಥದ್ದು. ಡಾಕ್ಟರ ಹತ್ತಿರ ಹೋಗಬೇಕಲ್ಲ ಎಂದು ಚೆನ್ನಾಗಿ ತಿಕ್ಕಿ ಸ್ನಾನ ಮಾಡಿ ಬಂದವರಲ್ಲಿ ಅದು ಕಾಣದೆಯೂ ಇರಬಹುದು!

ಸೂಕ್ಷ್ಮಜೀವಿ ಮೂಲವಲ್ಲದ, ವಂಶಪಾರಂಪರ್ಯವಾಗಿ ಬರುವ ಸಂದಿನ ಹುಣ್ಣೂ ಒಂದಿದೆ. ಅಮೆರಿಕದ ಹೇಲಿ ಸೋದರರು 1939ರಲ್ಲಿ ಅದನ್ನು ವಿವರಿಸಿದರು.

ಔಷಧಗಳು ಬಂದಂತೆ ಬೇರ್ಪಡಿಸುವ ಕೆಲಸಕ್ಕೆ ತುರ್ತು ಹೆಚ್ಚಿತು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಪ್ರಕಟಿಸಿದ ನಿಸ್ಟಾಟಿನ್ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ರಾಮಬಾಣ, ಹುಳುಕಡ್ಡಿಗೆ ನಿಷ್ಪ್ರಯೋಜಕ. 1958ರ ಹೊತ್ತಿಗೆ ಬಳಕೆಗೆ ಬಂದ ಗ್ರಿಸಿಯೋಫಲ್ವಿನ್‌ನದು ಇದರ ತಿರುವುಮುರುವು. ಹಾಗಾಗಿ ಅಂಚು ನೋಡಲೇಬೇಕು: ಕ್ಯಾಂಡಿಡಾದಲ್ಲಿ ಕೆಂಪು ಮಚ್ಚೆಯ ಸುತ್ತ ಸಾಸಿವೆಯಂಥ ಗುಳ್ಳೆಗಳು ಚೆದುರಿರುತ್ತವೆ, ಹುಳುಕಡ್ಡಿಯಲ್ಲಿ ಅಂಚು ಉಬ್ಬಿ, ನಡುಭಾಗ ತಿಳಿಯಾಗುತ್ತದೆ.

1952ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಲಾಮು ಚರ್ಮಚಿಕಿತ್ಸೆಗೆ ಬಂತು. ಇಸುಬಿಗೆ ಅದು ವರವೇ. ನಮ್ಮಲ್ಲಿ ಮಾತ್ರ ಪ್ರಬಲ ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬ್‌ಗಳು ಮೆಡಿಕಲ್ ಶಾಪ್‌ಗಳಲ್ಲಿ ಚೀಟಿಯಿಲ್ಲದೆ ಸಿಗತೊಡಗಿದವು. ಹಚ್ಚಿದ ಎರಡೇ ದಿನಕ್ಕೆ ನವೆ ನಿಲ್ಲುತ್ತದೆ, ಉಬ್ಬಿದ ಅಂಚು ಮಾಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿನಲ್ಲಿ ಬಸುರಿಯ ಹೊಟ್ಟೆಯಲ್ಲಿರುವಂಥ ಗೆರೆಗಳು ಬಿದ್ದು ಹಾಗೇ ಉಳಿಯುತ್ತವೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ, ನೇಪಾಳ ಮೂಲದ ರೋಗಿಗಳಲ್ಲಿ ಸಿಕ್ಕ ಹಟಮಾರಿ ಹುಳುಕಡ್ಡಿಯ ಶಿಲೀಂಧ್ರಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಶಿಲೀಂಧ್ರನಾಶಕ ಟರ್ಬಿನಾಫಿನ್ ಮಾತ್ರೆಗೂ ಅದು ಅನೇಕ ಸಲ ಜಗ್ಗುವುದಿಲ್ಲ.

ಪತ್ತೆಗೆ ಬೇಕಾದದ್ದು ಮಾತ್ರ ಬಹಳ ಹಳೆಯ, ಅಗ್ಗದ ವಿಧಾನ. ಅಂಚಿನ ಹೊಟ್ಟನ್ನು ಮೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಕಾಯಬೇಕು. ಕೊಂಚ ಹೊತ್ತಿಗೆ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಸೂಕ್ಷ್ಮದರ್ಶಕದಡಿ ಶಿಲೀಂಧ್ರದ ಎಳೆಗಳು ಕವಲೊಡೆದು ಹಾಯುವುದು ಕಾಣುತ್ತದೆ.