ಶಾಲಾ ಬಾಲಕಿಯೊಬ್ಬಳ ಲೆಕ್ಕ



ಜೀವಶಾಸ್ತ್ರಕ್ಕೂ ಗಣಿತಕ್ಕೂ ಏನು ಸಂಬಂಧವೆಂದು ನಿಮ್ಮಲ್ಲಿ ಹಲವರು ತರಗತಿಯಲ್ಲಿ ಕೇಳಿದ್ದುಂಟು. ಅಂದು ನಾನಿತ್ತ ಉತ್ತರ ನನಗೇ ತೃಪ್ತಿ ತಂದಿರಲಿಲ್ಲ. ಅದಕ್ಕಿಂತ ಉತ್ತಮವಾದ ಉತ್ತರ ಅಮೆರಿಕದ ಶಾಲಾ ಬಾಲಕಿಯೊಬ್ಬಳ ಕೆಲಸದಲ್ಲಿದೆ.

ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದ ಪ್ರೌಢಶಾಲೆಯಲ್ಲಿದ್ದ ಆಕೆ ವಿಜ್ಞಾನ ಮೇಳಕ್ಕೆಂದು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡಳು: ಶಾಲೆಯ ಮಕ್ಕಳು ಯಾರು ಯಾರೊಡನೆ ಬೆರೆಯುತ್ತಾರೆ, ಆ ಒಡನಾಟದ ಜಾಡಿನಲ್ಲಿ ರೋಗ ಹೇಗೆ ಸಾಗುತ್ತದೆ? ತಂದೆ ರಾಬರ್ಟ್ ಗ್ಲಾಸ್ ಆಗ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಯಾಗಿದ್ದರು. ಅವರೂ ಸಹೋದ್ಯೋಗಿಗಳೂ ಆ ಪ್ರಶ್ನೆಯನ್ನು ಬೆಳೆಸಿ, 10,000 ಜನರ ಕಾಲ್ಪನಿಕ ಊರೊಂದನ್ನು ಗಣಕಯಂತ್ರದಲ್ಲಿ ಕಟ್ಟಿದರು. ಅಲ್ಲಿನ ಪ್ರತಿಯೊಬ್ಬರಿಗೂ ವಯಸ್ಸು, ಮನೆ, ತರಗತಿ ಅಥವಾ ಕೆಲಸದ ಸ್ಥಳ ಉಂಟು. ಸೋಂಕು ತಗುಲಿದವರು ಯಾವಾಗ, ಎಷ್ಟು ದಿನ ಅದನ್ನು ಹರಡಬಲ್ಲರೆಂಬುದನ್ನು ಜೀವಶಾಸ್ತ್ರ ಒದಗಿಸಿತು. ಅದು ಯಾರಿಂದ ಯಾರಿಗೆ ದಾಟುವುದೆಂಬುದನ್ನು ಗಣಕ ಲೆಕ್ಕಹಾಕಿತು.

2006ರ ನವೆಂಬರ್‌ನಲ್ಲಿ ‘ಎಮರ್ಜಿಂಗ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು, ಬಾಲಕಿಯೂ ಲೇಖಕರಲ್ಲೊಬ್ಬಳು. 1957ರ ಏಷ್ಯನ್ ಫ್ಲೂನಂತೆ ಊರಿನ ಸುಮಾರು ಅರ್ಧದಷ್ಟು ಜನರಿಗೆ ತಗುಲುವ ಜ್ವರವನ್ನು, ಶಾಲೆ ಮುಚ್ಚಿ ಮಕ್ಕಳನ್ನೂ ಹದಿಹರೆಯದವರನ್ನೂ ಮನೆಯಲ್ಲಿರಿಸಿದರೆ ಶೇ. 90ಕ್ಕಿಂತ ಹೆಚ್ಚು ತಗ್ಗಿಸಬಹುದೆಂದು ಅದು ತೋರಿಸಿತು. 2007ರ ಫೆಬ್ರುವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಹೊರಡಿಸಿದ ಮಾರ್ಗಸೂಚಿಯಲ್ಲಿ ಶಾಲೆ ಮುಚ್ಚುವುದೂ ಒಂದು ಕ್ರಮವಾಗಿ ಸೇರಿತು.

ಆದರೆ ಆ ಪ್ರಬಂಧದಲ್ಲಿ ಎಚ್ಚರಿಕೆಯ ಮಾತೂ ಇದೆ. ರೋಗವು ಮುಖ್ಯವಾಗಿ ಎಳೆಯರ ಮೂಲಕ ಹರಡದಿದ್ದರೆ, ಅಥವಾ ಇನ್ನೂ ತೀವ್ರವಾಗಿ ಹರಡುವುದಾದರೆ, ವಯಸ್ಕರ ಒಡನಾಟವನ್ನೂ ಕೆಲಸದ ಸ್ಥಳಗಳನ್ನೂ ನಿರ್ಬಂಧಿಸಬೇಕಾಗುತ್ತದೆ. 2020ರಲ್ಲಿ ಬಂದ ಕೋವಿಡ್ ಇನ್ಫ್ಲುಯೆಂಜಾ ಆಗಿರಲಿಲ್ಲ. ಮೊದಲ ಅಲೆಗಳಲ್ಲಿ ಅದರ ಹರಡುವಿಕೆಗೆ ಮಕ್ಕಳು ಅಷ್ಟು ಪ್ರಧಾನ ಕಾರಣರಾಗಿರಲಿಲ್ಲ. ಆದರೂ ಜಗತ್ತಿನ ಬಹುಪಾಲು ಶಾಲೆಗಳು ಮುಚ್ಚಿದವು. ನಮ್ಮ ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮನೆಗೆ ಹೋದ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ತರಗತಿಗೆ ಬಂದದ್ದು 2021ರ ಅಕ್ಟೋಬರ್ 25ರಂದು.

ಶಾಲೆ ಮುಚ್ಚಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಹೊಸ ರೋಗದ ಸ್ವಭಾವ ತಿಳಿಯದ ಆ ಮೊದಲ ದಿನಗಳಲ್ಲಿ ಎಚ್ಚರ ವಹಿಸುವುದು ವಿವೇಕವೇ ಆಗಿತ್ತು. ಆದರೆ ಆ ಪ್ರಬಂಧದಲ್ಲಿ ಇದ್ದದ್ದು ಸೋಂಕಿನ ಲೆಕ್ಕ; ಮಕ್ಕಳು ಮರೆತ ಮಗ್ಗಿಯ ಲೆಕ್ಕವಲ್ಲ. ಅದು ಆ ಬಾಲಕಿಯ ದೋಷವಲ್ಲ, ಆಕೆ ಕೇಳಿದ ಪ್ರಶ್ನೆಯೇ ಬೇರೆ. ಆ ಇನ್ನೊಂದು ಲೆಕ್ಕವನ್ನು ಮಾಡಬೇಕಾಗಿದ್ದವರು ಹಿರಿಯರಾದ ನಾವು.

ನಿಮ್ಮ ಮಕ್ಕಳು ಇಂಥ ಪ್ರಶ್ನೆಗಳನ್ನು ಕೇಳಿದರೆ ಪ್ರೋತ್ಸಾಹಿಸಿರಿ. ಉತ್ತರ ಬಂದಾಗ, ಅದು ಯಾವ ಊಹೆಯ ಮೇಲೆ ನಿಂತಿದೆಯೆಂದು ಕೇಳುವುದನ್ನೂ ಕಲಿಸಿರಿ.