ಬಾರದ ಪತ್ರ, ಜಾರುವ ವಯಸ್ಸು

1909ರ ಜನವರಿ 1ರಂದು ಬ್ರಿಟನ್ ಮತ್ತು ಐರ್ಲೆಂಡಿನ ಅಂಚೆ ಕಚೇರಿಗಳಲ್ಲಿ ಸರ್ಕಾರ ಮೊದಲ ಬಾರಿಗೆ ವೃದ್ಧಾಪ್ಯ ಪಿಂಚಣಿ ಹಂಚಿತು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಶಿಲ್ಲಿಂಗ್. ಕಾನೂನು ಹೇಳುವುದಕ್ಕೆ ಸರಳವಾಗಿತ್ತು. ಆದರೆ ಎಪ್ಪತ್ತು ತುಂಬಿದೆ ಎಂದು ತೋರಿಸುವುದು ಹೇಗೆ?

ಐರ್ಲೆಂಡ್ ಆಗ ಬ್ರಿಟಿಷ್ ಆಳ್ವಿಕೆಯೊಳಗೇ ಇತ್ತು. ಅಲ್ಲಿ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಪಿಂಚಣಿ ಕೇಳಿ ಬಂದ ಮುದುಕ ಮುದುಕಿಯರು ಹುಟ್ಟಿದ್ದು ಅದಕ್ಕೂ ಕಾಲು ಶತಮಾನ ಹಿಂದೆ. ಹಾಗಾಗಿ ಅವರ ಬಳಿ ಇದ್ದ ಪುರಾವೆ ನೆನಪು ಮಾತ್ರ. 1839ರ ಜನವರಿ 6ರ ರಾತ್ರಿ ಐರ್ಲೆಂಡನ್ನು ಭಾರೀ ಬಿರುಗಾಳಿಯೊಂದು ಅಪ್ಪಳಿಸಿತ್ತು. ಜನ ಅದನ್ನು 'ದೊಡ್ಡ ಗಾಳಿಯ ರಾತ್ರಿ' ಎಂದೇ ಕರೆಯುತ್ತಿದ್ದರು. ಆ ಗಾಳಿ ನೆನಪಿದೆ ಎಂದರೆ ಎಪ್ಪತ್ತಾಗಿದೆ ಎಂದೇ ಅರ್ಥ. ನಮ್ಮ ಕಡೆಯ ಹಿರಿಯರು 'ಧಾತು ಈಶ್ವರ ಬರದಲ್ಲಿ ಹುಟ್ಟಿದವನು', 'ಪ್ಲೇಗು ಬಂದು ಊರು ಬಿಟ್ಟಾಗ ನಾನು ಕೈಗೂಸು' ಎಂದು ವಯಸ್ಸು ಹೇಳುತ್ತಿದ್ದುದು ಇದೇ ಬಗೆಯ ಲೆಕ್ಕ. ಆದರೆ ಐರಿಶ್ ಲೆಕ್ಕದಲ್ಲೊಂದು ತಮಾಷೆಯಿದೆ. 1909ರಲ್ಲಿ ಸರಿಯಾಗಿ ಎಪ್ಪತ್ತಾದವರು ಆ ರಾತ್ರಿ ತೊಟ್ಟಿಲಲ್ಲಿದ್ದಿರಬೇಕು. ಗಾಳಿ ನಿಜವಾಗಿಯೂ ನೆನಪಿದ್ದವರಿಗೆ ಎಪ್ಪತ್ತನಾಲ್ಕೋ ಎಪ್ಪತ್ತೈದೋ ಆಗಿರಬೇಕು. ಅರ್ಜಿದಾರರ ಸಂಖ್ಯೆ ಅಂದಾಜು ಮೀರಿದಾಗ ಲಂಡನ್ನಿನಲ್ಲಿ ಹುಬ್ಬು ಮೇಲೇರಿದವು.

ಕೊನೆಗೆ ಅಧಿಕಾರಿಗಳು 1841 ಮತ್ತು 1851ರ ಜನಗಣತಿಯ ಹಾಳೆಗಳ ಮೊರೆಹೋದರು. ಅರ್ಜಿದಾರರು ತಂದೆತಾಯಿಯ ಹೆಸರು, ಆಗ ವಾಸವಿದ್ದ ಊರು ಬರೆದುಕೊಟ್ಟರೆ, ಡಬ್ಲಿನ್ನಿನ ದಾಖಲೆ ಕಚೇರಿಯ ಗುಮಾಸ್ತರು ಹಳೆಯ ಹಾಳೆಗಳಲ್ಲಿ ಆ ಮಗುವನ್ನು ಹುಡುಕಿ ವಯಸ್ಸನ್ನು ನಮೂದಿಸುತ್ತಿದ್ದರು. 1922ರ ಅಂತರ್ಯುದ್ಧದಲ್ಲಿ ಆ ಕಚೇರಿಗೆ ಬೆಂಕಿ ಬಿತ್ತು, ಜನಗಣತಿಯ ಬಹುಪಾಲು ಬೂದಿಯಾಯಿತು. ಪಿಂಚಣಿಗಾಗಿ ತುಂಬಿದ ಹುಡುಕಾಟದ ಅರ್ಜಿಗಳು ಮಾತ್ರ ಉಳಿದವು. ಕ್ಷಾಮಕ್ಕೆ ಮುಂಚಿನ ಮತ್ತು ಕ್ಷಾಮ ಕಾಲದ ಎಷ್ಟೋ ಐರಿಶ್ ಕುಟುಂಬಗಳ ಬಗ್ಗೆ ಇಂದಿನ ಸಂಶೋಧಕರಿಗೆ ಸಿಗುವುದು, ವಾರಕ್ಕೆ ಐದು ಶಿಲ್ಲಿಂಗ್ ಕೇಳಿದ ಒಬ್ಬ ಮುದುಕಿಯ ಅರ್ಜಿಯಲ್ಲಿ ನಕಲಾಗಿರುವ ನಾಲ್ಕು ಸಾಲು. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಇದಕ್ಕಿಂತ ಇಷ್ಟವಾದ ದಾಖಲೆ ಕಡಿಮೆ.

ಇಷ್ಟೆಲ್ಲ ಹುಡುಕಾಟಕ್ಕೆ ಕಾರಣವಾದ ಆ ಎಪ್ಪತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು? ಜರ್ಮನಿಯ ಬಿಸ್ಮಾರ್ಕ್ ತನಗೆ ಅರುವತ್ತೈದಾಗಿದ್ದರಿಂದ ಅದನ್ನೇ ನಿವೃತ್ತಿಯ ವಯಸ್ಸಾಗಿ ಮಾಡಿದ ಎಂಬ ಕಥೆ ಈಗಲೂ ಅಲ್ಲಲ್ಲಿ ಓದಲು ಸಿಗುತ್ತದೆ. ಅದು ಕಟ್ಟುಕಥೆ. 1889ರ ಜರ್ಮನ್ ಕಾನೂನಿನಲ್ಲಿದ್ದ ವಯಸ್ಸು 70; ಬಿಸ್ಮಾರ್ಕನಿಗೆ ಆಗ 74. ಅಲ್ಲಿ 65 ಬಂದದ್ದು 1916ರಲ್ಲಿ, ಆತ ಸತ್ತು ಹದಿನೆಂಟು ವರ್ಷಗಳ ಮೇಲೆ. ಅಷ್ಟರಲ್ಲಿ ನ್ಯೂಜಿಲೆಂಡ್ 1898ರಲ್ಲೇ 65ಕ್ಕೆ ಪಿಂಚಣಿ ಕೊಡತೊಡಗಿತ್ತು. ಬ್ರಿಟನ್ನಿನಲ್ಲಿಯೂ 65 ಬೇಕೆಂದು ಕೇಳುತ್ತಿದ್ದವರು ಬಹಳ ಮಂದಿ ಇದ್ದರು. ಅಸ್ಕ್ವಿತ್ ಮತ್ತು ಲಾಯ್ಡ್ ಜಾರ್ಜ್ 70ಕ್ಕೆ ನಿಂತದ್ದು ಬೊಕ್ಕಸದ ಲೆಕ್ಕ ನೋಡಿ. ಅದರ ಕೆಳಗಿನ ಯಾವ ವಯಸ್ಸೂ ದುಬಾರಿಯಾಗಿತ್ತು.

ಆಗ ಸರಾಸರಿ ಆಯಸ್ಸು ಐವತ್ತರ ಆಸುಪಾಸಿನಲ್ಲಿತ್ತು, ಹಾಗಾಗಿ ಪಿಂಚಣಿ ಪಡೆಯಲು ಯಾರೂ ಬದುಕಿರುತ್ತಿರಲಿಲ್ಲ ಎಂದು ಕೆಲವರು ಬರೆಯುತ್ತಾರೆ. ಸರಾಸರಿ ಅಷ್ಟು ಕೆಳಗಿದ್ದದ್ದು ಮುಖ್ಯವಾಗಿ ಹಸುಗೂಸುಗಳ ಸಾವಿನಿಂದ. ಬಾಲ್ಯ ದಾಟಿದವರಲ್ಲಿ ಬಹಳ ಜನ ಮುದುಕರಾಗುತ್ತಿದ್ದರು. ಹಾಗಿಲ್ಲದಿದ್ದರೆ ಮೊದಲ ತಿಂಗಳುಗಳಲ್ಲೇ ಐದು ಲಕ್ಷಕ್ಕೂ ಮಿಕ್ಕಿ ಜನ ಪಿಂಚಣಿ ಪಡೆಯುತ್ತಿರಲಿಲ್ಲ.

ಅದಕ್ಕೂ ಮುಂಚೆ ದುಡಿಯಲಾರದ ಬಡವರ ಪಾಲಿಗಿದ್ದದ್ದು ಮಕ್ಕಳ ಮನೆ, ಇಲ್ಲವೇ ವರ್ಕ್‌ಹೌಸ್. ಬಡವರಿಗೆಂದು ಕಟ್ಟಿದ ಈ ಆಶ್ರಯದಲ್ಲಿ ಅನ್ನದ ಜೊತೆ ಅವಮಾನವೂ ಸಿಗುತ್ತಿತ್ತು. 'ಉಳಿತಾಯ ಮಾಡಿಕೊಳ್ಳಬೇಕಿತ್ತು' ಎಂಬ ಉಪದೇಶಕ್ಕೆ ಅಲ್ಲಿಯೂ ಕೊರತೆಯಿರಲಿಲ್ಲ. ನಿಜಕ್ಕೂ ಕೂಲಿಕಾರರು ಉಳಿಸುತ್ತಿದ್ದರು. ವಾರಕ್ಕೊಂದು ಪೆನ್ನಿ ಕಟ್ಟುತ್ತಿದ್ದರು. ಆದರೆ ಬಹುಪಾಲು ಆ ಪೆನ್ನಿ ಹೋಗುತ್ತಿದ್ದದ್ದು ತಮ್ಮ ಶವಸಂಸ್ಕಾರಕ್ಕೆ. ಪರವೂರಿನವರ ಖರ್ಚಿನಲ್ಲಿ, ಹೆಸರಿಲ್ಲದ ಗುಂಡಿಯಲ್ಲಿ ಹೂತುಹೋಗುವ ಭಯ ಮುಪ್ಪಿನ ಭಯಕ್ಕಿಂತ ದೊಡ್ಡದಿತ್ತು. ಸ್ವಲ್ಪ ಅನುಕೂಲವಿದ್ದ ಕೆಲಸಗಾರರು 'ಫ್ರೆಂಡ್ಲಿ ಸೊಸೈಟಿ' ಎಂಬ ಸಹಾಯ ಸಂಘಗಳಿಗೆ ವಂತಿಗೆ ಕಟ್ಟುತ್ತಿದ್ದರು. ಕಾಯಿಲೆ ಬಿದ್ದಾಗ ಸಂಘ ಭತ್ಯೆ ಕೊಡುತ್ತಿತ್ತು. ಸದಸ್ಯರಿಗೆ ವಯಸ್ಸಾದಂತೆ ಕಾಯಿಲೆ ವಾಸಿಯಾಗುವುದೇ ನಿಂತು, ಆ ಭತ್ಯೆ ಸದ್ದಿಲ್ಲದೆ ಪಿಂಚಣಿಯಾಗಿಬಿಟ್ಟಿತು. ಸರ್ಕಾರಿ ಪಿಂಚಣಿ ಬಂದರೆ ತಮಗೆ ವಂತಿಗೆ ಬರುವುದು ನಿಲ್ಲುತ್ತದೆಂದು ಮೊದಲು ಅದನ್ನು ವಿರೋಧಿಸಿದ್ದ ಸಂಘಗಳು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಮೆತ್ತಗಾದದ್ದಕ್ಕೆ ಇದೂ ಒಂದು ಕಾರಣ.

1908ರ ಕಾನೂನಿನಲ್ಲಿಯೂ ನೈತಿಕ ಪರೀಕ್ಷೆಗಳಿದ್ದವು. ಇತ್ತೀಚೆಗೆ ಜೈಲಿಗೆ ಹೋದವರಿಗೆ, ಕೆಲಸ ಮಾಡದೆ ಅಂಡಲೆದವರಿಗೆ, ಬಡವರ ಪರಿಹಾರ ಪಡೆಯುತ್ತಿದ್ದವರಿಗೆ ಇಲ್ಲ. ಆದರೂ ವಂತಿಗೆ ಕಟ್ಟದೆ, ಅಂಚೆ ಕಚೇರಿಯ ಕಿಟಕಿಯಲ್ಲಿ ತಲೆ ತಗ್ಗಿಸದೆ ಹಣ ಪಡೆಯುವುದು ಬಡವರಿಗೆ ಹೊಸದು. ಆಕ್ಸ್‌ಫರ್ಡ್‌ಶೈರಿನ ಹಳ್ಳಿಯಲ್ಲಿ ಬೆಳೆದು ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದ್ದ ಫ್ಲೋರಾ ಥಾಂಪ್ಸನ್ ತಮ್ಮ 'ಲಾರ್ಕ್ ರೈಸ್' ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಇಷ್ಟು ಉದಾರಿಯಾದವನು ಪ್ರಭುವೇ ಇರಬೇಕೆಂದು ಮುದುಕರು ಲಾಯ್ಡ್ ಜಾರ್ಜ್‌ನನ್ನು 'ಲಾರ್ಡ್' ಮಾಡಿಬಿಟ್ಟಿದ್ದರಂತೆ. ಹಣ ಎಣಿಸಿಕೊಟ್ಟ ಹುಡುಗಿಗೆ ಹಿತ್ತಲಿನ ಹೂವು, ಸೇಬು ತಂದುಕೊಡುತ್ತಿದ್ದರಂತೆ.

ಆಮೇಲೆ ವಯಸ್ಸು ಇಳಿಯಿತು. 1925ರ ಕಾನೂನು ವಂತಿಗೆ ಕಟ್ಟಿದ ಕಾರ್ಮಿಕರಿಗೆ 65ಕ್ಕೇ ಪಿಂಚಣಿ ಕೊಟ್ಟಿತು. ಆದರೆ ಗಂಡನ ವಂತಿಗೆಯ ಮೇಲೆ ಹೆಂಡತಿಗೂ ಪಿಂಚಣಿ ಸಿಗಬೇಕಾದರೆ ಆಕೆಗೂ 65 ತುಂಬಬೇಕಿತ್ತು. ಹೆಂಡತಿಯರು ಸಾಮಾನ್ಯವಾಗಿ ಗಂಡಂದಿರಿಗಿಂತ ನಾಲ್ಕೈದು ವರ್ಷ ಚಿಕ್ಕವರು. ಹಾಗಾಗಿ ಗಂಡ ಕೆಲಸ ಬಿಟ್ಟ ಮೇಲೆ ವರ್ಷಗಟ್ಟಲೆ ಇಬ್ಬರೂ ಒಬ್ಬರ ಹತ್ತು ಶಿಲ್ಲಿಂಗಿನಲ್ಲೇ ಬದುಕಬೇಕಾಗುತ್ತಿತ್ತು.

ಇದೇ ಹೊತ್ತಿಗೆ ಇನ್ನೊಂದು ದನಿ ಎದ್ದಿತು. 1935ರಲ್ಲಿ ಬ್ರಾಡ್‌ಫರ್ಡಿನ ಫ್ಲಾರೆನ್ಸ್ ವೈಟ್ ಅವಿವಾಹಿತ ಮಹಿಳೆಯರ ಪಿಂಚಣಿ ಸಂಘ ಕಟ್ಟಿದರು. ಮೊದಲ ಮಹಾಯುದ್ಧ ಒಂದು ತಲೆಮಾರಿನ ಗಂಡಸರನ್ನು ನುಂಗಿತ್ತು. ಮದುವೆಯಾಗದೆ ಉಳಿದ ಸಾವಿರಾರು ಹೆಂಗಸರು ಮಿಲ್ಲುಗಳಲ್ಲಿ ದುಡಿಯುತ್ತ, ಮನೆಯಲ್ಲಿ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುತ್ತ ಬಂದಿದ್ದರು. ಐವತ್ತು ದಾಟಿದೊಡನೆ ಮಾಲೀಕರು ಅವರನ್ನು ಕೆಲಸದಿಂದ ಬಿಡಿಸುತ್ತಿದ್ದರು. ವಂತಿಗೆ ಕಟ್ಟಿದ್ದೇವೆ, ವಿಧವೆಯರಿಗೆ ಕೊಡುತ್ತೀರಿ, ನಮಗೆ 55ಕ್ಕೆ ಯಾಕಿಲ್ಲ ಎಂಬುದು ಅವರ ಪ್ರಶ್ನೆ. 1940ರಲ್ಲಿ ಸರ್ಕಾರ ರಾಜಿಯ ದಾರಿ ಹಿಡಿಯಿತು. ವಂತಿಗೆ ಕಟ್ಟಿದ ಹೆಂಗಸರಿಗೂ ವಂತಿಗೆದಾರರ ಹೆಂಡತಿಯರಿಗೂ 60 ಎಂದಾಯಿತು. ಅವಿವಾಹಿತೆಯರ ಕೂಗು ಸ್ವಲ್ಪ ತಣಿಯಿತು, ದಂಪತಿಗಳ ಕಷ್ಟವೂ ನೀಗಿತು. 1948ರಲ್ಲಿ ಬೆವರಿಜ್ ವರದಿಯ ಆಧಾರದ ಮೇಲೆ ಹೊಸ ವ್ಯವಸ್ಥೆ ಬಂದಾಗಲೂ ಗಂಡಸರಿಗೆ 65, ಹೆಂಗಸರಿಗೆ 60 ಎಂಬುದು ಹಾಗೆಯೇ ಮುಂದುವರಿಯಿತು. ಎರಡು ತಲೆಮಾರಿನ ಹೆಂಗಸರು ಅರುವತ್ತನ್ನು ಹುಟ್ಟುಹಬ್ಬದಷ್ಟೇ ಖಚಿತವೆಂದು ನಂಬಿ ಬದುಕಿದರು.

ಹೆಂಗಸರಿಗೆ ಅನುಕೂಲವಾಗಿದ್ದದ್ದು ಆ ಒಂದು ಸಂಖ್ಯೆ ಮಾತ್ರ. ವಿವಾಹಿತೆಯರು ಕಡಿಮೆ ದರದ ವಂತಿಗೆ ಕಟ್ಟಿ, ಗಂಡನ ಲೆಕ್ಕದಲ್ಲೇ ಪಿಂಚಣಿ ಪಡೆಯಬಹುದೆಂಬ ಆಯ್ಕೆ 1977ರವರೆಗೂ ಹೊಸಬರಿಗೆ ತೆರೆದಿತ್ತು. ಮದುವೆಯಾದ ಹೊಸತರಲ್ಲಿ, ಕೈಗೆ ನಾಲ್ಕು ಕಾಸು ಹೆಚ್ಚು ಬರುತ್ತದೆಂದು ರುಜು ಹಾಕಿದ ಹುಡುಗಿಗೆ ಅದರ ಬೆಲೆ ತಿಳಿದದ್ದು ನಲವತ್ತು ವರ್ಷಗಳ ಮೇಲೆ. ಅರೆಕಾಲಿಕ ಕೆಲಸಗಾರರನ್ನು ಕಂಪನಿಯ ಪಿಂಚಣಿ ಯೋಜನೆಯಿಂದ ಹೊರಗಿಡುವುದೂ ಬಹುಕಾಲ ಸಾಮಾನ್ಯವಾಗಿತ್ತು. ಅರೆಕಾಲಿಕ ಕೆಲಸಗಾರರೆಂದರೆ ಹೆಚ್ಚಿನ ಪಾಲು ತಾಯಂದಿರು.

ಇಂಥ ಹೆಂಗಸರ ಮೇಲೆ 1995ರ ಕಾನೂನು ಬಂತು. ಗಂಡಸರಿಗೂ ಹೆಂಗಸರಿಗೂ ಒಂದೇ ವಯಸ್ಸು ಇರಬೇಕೆಂಬ ವಾದ ನ್ಯಾಯವಾದದ್ದೇ. 1990ರಲ್ಲಿ ಯುರೋಪಿನ ನ್ಯಾಯಾಲಯ ಕಂಪನಿ ಪಿಂಚಣಿಗಳ ವಿಷಯದಲ್ಲಿ ಹಾಗೆಂದು ತೀರ್ಪನ್ನೂ ಕೊಟ್ಟಿತ್ತು. ಸಮಾನತೆಯನ್ನು 60ರಲ್ಲಿ ತರಬಹುದಿತ್ತು, 63ರಲ್ಲಿ ತರಬಹುದಿತ್ತು. ಸರ್ಕಾರ 65ರಲ್ಲಿ ತಂದಿತು, ಅಗ್ಗವಾದದ್ದು ಅದು. 1950ರ ಏಪ್ರಿಲ್ 6ರ ನಂತರ ಹುಟ್ಟಿದ ಹೆಂಗಸರ ಪಿಂಚಣಿ ವಯಸ್ಸು 2010ರಿಂದ 2020ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂದಾಯಿತು. ಹದಿನೈದು ವರ್ಷಗಳ ಮುನ್ಸೂಚನೆ, ಕಾಗದದ ಮೇಲೆ ಉದಾರವಾದದ್ದೇ.

ಆ ಕಾಗದ ಅವರ ಮನೆ ತಲುಪಲಿಲ್ಲ. ಕರಪತ್ರ, ಜಾಹೀರಾತುಗಳನ್ನು ಬಿಟ್ಟರೆ, ಪ್ರತಿಯೊಬ್ಬರ ಹೆಸರಿಗೂ ಪತ್ರ ಬರೆಯುವ ಕೆಲಸವನ್ನು ಇಲಾಖೆ ಶುರುಮಾಡಿದ್ದು 2009ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಮೊದಲ ತಂಡದ ಹೆಂಗಸರಿಗೆ 59. ಪತ್ರಗಳು ಹೋಗುತ್ತಿರುವಾಗಲೇ 2011ರ ಕಾನೂನು ಬಂದು ಮೆಟ್ಟಿಲುಗಳನ್ನು ಇನ್ನೂ ಕಡಿದಾಗಿಸಿತು. 2018ರ ನವೆಂಬರಿಗೇ 65, 2020ರ ಅಕ್ಟೋಬರಿಗೆ ಎಲ್ಲರಿಗೂ 66. ಗದ್ದಲವೆದ್ದ ಮೇಲೆ ಯಾರಿಗೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಹೊಸದಾಗಿ ಮುಂದಕ್ಕೆ ಹೋಗದಂತೆ ಒಂದು ಮಿತಿ ಹಾಕಿದರು. ಅರುವತ್ತಕ್ಕೆಂದು ಲೆಕ್ಕ ಹಾಕಿ ಕೆಲಸ ಬಿಟ್ಟವರು, ಹಾಸಿಗೆ ಹಿಡಿದ ತಾಯಿಯನ್ನೋ ಮೊಮ್ಮಗುವನ್ನೋ ನೋಡಿಕೊಳ್ಳಲು ಒಪ್ಪಿಕೊಂಡವರು, ವಿಚ್ಛೇದನದ ಹಂಚಿಕೆಯಲ್ಲಿ ಅರುವತ್ತರ ಪಿಂಚಣಿಯನ್ನು ನೆಚ್ಚಿಕೊಂಡು ರುಜು ಹಾಕಿದವರು, ಎಲ್ಲರೂ ನಡುನೀರಿನಲ್ಲಿ ನಿಂತರು. 2015ರಲ್ಲಿ 'ವಾಸ್ಪಿ' ಎಂಬ ಅವರ ಸಂಘಟನೆ ಹುಟ್ಟಿತು. ನೇರಳೆ ಬಣ್ಣ ತೊಟ್ಟ ಅಜ್ಜಿಯರು ಸಂಸತ್ತಿನ ಮುಂದೆ ನಿಂತ ಚಿತ್ರಗಳನ್ನು ನೀವೂ ನೋಡಿರಬಹುದು.

ಇದೇ ವರ್ಷಗಳಲ್ಲಿ ಉಳಿತಾಯದ ಉಪದೇಶವೂ ಹೊಸ ರೂಪದಲ್ಲಿ ಬಂತು. ಅಡೇರ್ ಟರ್ನರ್ ಆಯೋಗ 2005ರಲ್ಲಿ ಕೊಟ್ಟ ವರದಿಯ ಸಾರ ಎರಡು ಮಾತು: ಪಿಂಚಣಿ ವಯಸ್ಸು ಏರಲಿ, ಜೊತೆಗೆ ಎಲ್ಲ ನೌಕರರನ್ನೂ ಉಳಿತಾಯ ಯೋಜನೆಗೆ ತಾವಾಗಿಯೇ ಸೇರಿಸಿಬಿಡಿ, ಬೇಡವಾದವರು ಹೊರಹೋಗಲಿ. 2012ರ ಅಕ್ಟೋಬರಿನಿಂದ ಇದು ಜಾರಿಯಾಯಿತು. ಈಗ ಮಾಲೀಕ ಮತ್ತು ನೌಕರರ ಪಾಲು ಸೇರಿ ಸಂಬಳದ ನಿಗದಿತ ಭಾಗದ ಮೇಲೆ ಕನಿಷ್ಠ ಶೇ. 8. ಇದು ಜಾಣತನದ ಯೋಜನೆ. ಜನರ ಸೋಮಾರಿತನವನ್ನೇ ಅವರ ಪರವಾಗಿ ಬಳಸಿಕೊಂಡಿತು. (ಶಿಷ್ಯವೇತನದಲ್ಲಿ ಪಿ.ಎಫ್. ಎಂಬ ಕಾಲಮ್ಮೇ ಇಲ್ಲದ ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಇದನ್ನು ಓದುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.) ಆದರೆ ಒಂದೇ ಕೆಲಸದಿಂದ ವರ್ಷಕ್ಕೆ ಹತ್ತು ಸಾವಿರ ಪೌಂಡ್ ದುಡಿಯದವರು ಇದರಲ್ಲಿ ತಾವಾಗಿ ಸೇರುವುದಿಲ್ಲ. ಬೆಳಿಗ್ಗೆ ಶಾಲೆಯ ಅಡುಗೆಮನೆ, ಸಂಜೆ ಕಚೇರಿಯ ಕಸಗುಡಿಸುವ ಕೆಲಸ ಎಂದು ಎರಡು ಕಡೆ ದುಡಿಯುವ ಹೆಂಗಸು ಎರಡು ಕಡೆಯೂ ಹೊರಗೇ ಉಳಿಯಬಹುದು. 1950ರ ದಶಕದಲ್ಲಿ ಹುಟ್ಟಿದವರಿಗಂತೂ ಯೋಜನೆ ಬರುವ ಹೊತ್ತಿಗೆ ಅರುವತ್ತರ ಆಸುಪಾಸು. ಕೂಡಿಡಲು ವರ್ಷಗಳೇ ಉಳಿದಿರಲಿಲ್ಲ.

ಆಯಸ್ಸು ಹೆಚ್ಚಿದೆ, ಹಾಗಾಗಿ ವಯಸ್ಸು ಏರಬೇಕು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಯಸ್ಸು ಎಲ್ಲರಿಗೂ ಸಮನಾಗಿ ಹೆಚ್ಚಿಲ್ಲ. ಇಂಗ್ಲೆಂಡಿನ ಅತಿ ಬಡ ಪ್ರದೇಶಗಳಲ್ಲಿ ಒಳ್ಳೆಯ ಆರೋಗ್ಯದಿಂದ ಬದುಕುವ ಸರಾಸರಿ ವಯಸ್ಸು ಐವತ್ತರ ಆಚೀಚೆ ನಿಲ್ಲುತ್ತದೆ, ಸ್ಥಿತಿವಂತರ ಪ್ರದೇಶಗಳಲ್ಲಿ ಎಪ್ಪತ್ತರವರೆಗೂ ಹೋಗುತ್ತದೆ. ಪಿಂಚಣಿ ವಯಸ್ಸಿನ ಗೆರೆ ಇಬ್ಬರಿಗೂ ಒಂದೇ. ಒಬ್ಬರು ಅದನ್ನು ಗಾಲ್ಫ್ ಆಡುತ್ತ ದಾಟುತ್ತಾರೆ, ಇನ್ನೊಬ್ಬರು ಮಂಡಿನೋವಿನಲ್ಲಿ ಹದಿನೈದು ವರ್ಷ ಕಾದು.

ಈ ಕಥೆಯ ಒಂದು ಎಳೆ ನಮ್ಮ ಊರುಗಳಿಗೂ ಬರುತ್ತದೆ. ಬ್ರಿಟನ್ನಿನಲ್ಲಿ ದುಡಿದು, ವಂತಿಗೆ ಕಟ್ಟಿ, ಮುಪ್ಪಿನಲ್ಲಿ ಮೈಸೂರಿಗೋ ಮಂಗಳೂರಿಗೋ ಮರಳುವವರಿಗೆ ಆ ದೇಶದ ಪಿಂಚಣಿ ಬರುತ್ತದೆ, ಆದರೆ ವರ್ಷವರ್ಷದ ಏರಿಕೆ ಬರುವುದಿಲ್ಲ. ಭಾರತದಲ್ಲಿ ನೆಲೆಸಿದವರ ಮೊತ್ತ ಇಲ್ಲಿಗೆ ಬಂದಾಗ ಎಷ್ಟಿತ್ತೋ ಅಷ್ಟಕ್ಕೇ ಹೆಪ್ಪುಗಟ್ಟುತ್ತದೆ. ಅಮೆರಿಕಕ್ಕೋ ಸ್ಪೇನಿಗೋ ಹೋಗಿ ನೆಲೆಸಿದವರಿಗೆ ಏರಿಕೆ ಉಂಟು.

ನ್ಯಾಯಾಲಯಗಳಲ್ಲಿ ಹೆಂಗಸರು 2019ರಲ್ಲಿ, ಮತ್ತೆ 2020ರಲ್ಲಿ ಸೋತರು. ಸಂಸತ್ತಿನ ಓಂಬುಡ್ಸ್‌ಮನ್ ಮಾತ್ರ ಅವರ ದೂರಿನಲ್ಲಿ ಹುರುಳಿದೆ ಎಂದಿತು. ಇಲಾಖೆ 28 ತಿಂಗಳು ಮುಂಚೆಯೇ ಪತ್ರ ಬರೆಯಬೇಕಿತ್ತು ಎಂದು ಲೆಕ್ಕ ಹಾಕಿ, 2024ರ ಮಾರ್ಚ್‌ನಲ್ಲಿ ತಲಾ ಸಾವಿರದಿಂದ 2,950 ಪೌಂಡ್ ಪರಿಹಾರಕ್ಕೆ ಶಿಫಾರಸು ಮಾಡಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ತಪ್ಪಿಗೆ ಕ್ಷಮೆ ಕೇಳಿತು, ಹಣ ಕೊಡಲು ಒಪ್ಪಲಿಲ್ಲ. ಆ ತಲೆಮಾರಿನ ಶೇ. 90ರಷ್ಟು ಹೆಂಗಸರಿಗೆ ಬದಲಾವಣೆಯ ವಿಷಯ ತಿಳಿದೇ ಇತ್ತು ಎಂಬುದು ಅದರ ಒಂದು ಮುಖ್ಯ ಸಮಜಾಯಿಷಿ. ಪಿಂಚಣಿ ವಯಸ್ಸು ಏರುತ್ತಿದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದಿರಬಹುದು. ತನ್ನ ವಯಸ್ಸು ಯಾವ ವರ್ಷ, ಯಾವ ತಿಂಗಳಿಗೆ ಏರಿತು ಎಂಬುದು ಬೇರೆ ಮಾತು. ಇಲಾಖೆಯೇ 2004ರಲ್ಲಿ ಮಾಡಿಸಿದ ಅಧ್ಯಯನದಲ್ಲಿ, ಬದಲಾವಣೆಗೆ ಒಳಗಾಗುವ ಹೆಂಗಸರಲ್ಲಿ ತಮ್ಮದೇ ಪಿಂಚಣಿ ವಯಸ್ಸನ್ನು ಸರಿಯಾಗಿ ಹೇಳಬಲ್ಲವರಾಗಿದ್ದದ್ದು ಶೇ. 43ರಷ್ಟು ಮಂದಿ.