ಸೈಕ್ಲಾಪ್ಸ್

ಸಿಹಿನೀರಿನಲ್ಲಿ ಬದುಕುವ ಅತಿ ಚಿಕ್ಕ ಕಠಿಣಚರ್ಮಿ. ಸೀಗಡಿಯ ದೂರದ ನೆಂಟ. ಉದ್ದ ಸಾಮಾನ್ಯವಾಗಿ 0.5ರಿಂದ 3 ಮಿ.ಮೀ. ತಲೆಯ ನಡುವೆ ಒಂದೇ ಕಣ್ಣು. ಹೆಣ್ಣಿನ ಬಾಲದ ಎರಡೂ ಬದಿಗೆ ಮೊಟ್ಟೆಚೀಲಗಳು ಜೋತಿರುತ್ತವೆ. ಮನೆಯ ಮೀನುತೊಟ್ಟಿಯ ಗಾಜಿನ ಬಳಿ ಬಿಳಿ ಚುಕ್ಕೆಗಳು ತಟಕ್ಕನೆ ಜಿಗಿದು ನಿಂತರೆ ಇವೇ ಎಂದು ಗುರುತಿಸಬಹುದು.

ಉಚ್ಚಂಗಿದುರ್ಗ, ಹರಪನಹಳ್ಳಿ, ಕೊಟ್ಟೂರು ಸೀಮೆಯಂಥ ಕಡೆ ಕೆರೆ, ಬಾವಿ, ಹೊಂಡದ ನೀರು ಅಥವಾ ಜಲಸಸ್ಯ ತಂದು ಹಾಕಿದರೆ ಜೊತೆಗೇ ಬರುತ್ತವೆ. ಮೀನಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ, ಗಪ್ಪಿಯಂಥ ಸಣ್ಣ ಮೀನುಗಳಿಗೆ ಒಳ್ಳೆಯ ಆಹಾರವೂ ಹೌದು. ಸಂಖ್ಯೆ ವಿಪರೀತವಾದರೆ ತೊಟ್ಟಿಗೆ ಆಹಾರ ಹೆಚ್ಚು ಬೀಳುತ್ತಿದೆ ಎಂದರ್ಥ. ಉಣಿಸುವುದನ್ನು ಕಡಿಮೆ ಮಾಡಿ, ತಳದ ಕಸವನ್ನು ಕೊಳವೆಯಿಂದ ಎಳೆದು, ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿದರೆ ಸಾಕು. ತಾಮ್ರವಿರುವ ಔಷಧ ಬೇಡ. ಅದು ಸೀಗಡಿ, ಬಸವನಹುಳುಗಳನ್ನೂ ಕೊಲ್ಲುತ್ತದೆ.

ಸೈಕ್ಲಾಪ್ಸ್‌ಗೆ ಕೆಟ್ಟ ಹೆಸರು ಬಂದದ್ದು ನಾರುಹುಣ್ಣು ಎಂಬ ರೋಗದಿಂದ. ರೋಗದ ಮರಿಹುಳು ಹೊತ್ತ ಸೈಕ್ಲಾಪ್ಸ್ ಇರುವ ನೀರನ್ನು, ಬಹುಪಾಲು ಮೆಟ್ಟಿಲುಬಾವಿಗಳದ್ದನ್ನು, ಸೋಸದೆ ಕುಡಿದವರಿಗೆ ಅದು ತಗಲುತ್ತಿತ್ತು. ಕರ್ನಾಟಕವೂ ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಬಟ್ಟೆಯಲ್ಲಿ ನೀರು ಸೋಸುವ ರೂಢಿ ಅಪಾರ ಉಪಕಾರ ಮಾಡಿತು. ಭಾರತದ ಕೊನೆಯ ಪ್ರಕರಣ 1996ರದ್ದು. 2000ದಲ್ಲಿ ದೇಶ ನಾರುಹುಣ್ಣುಮುಕ್ತವೆಂದು ಘೋಷಿತವಾಯಿತು.